ಕೀಮ್ಯಾನ್ ಮುನಿರಾಜನ ಎಡಗಾಲು

ಮುನಿರಾಜ ಕೂತದ್ದನ್ನ ನೋಡಿದೋರು ನಮ್ಮೂರಲ್ಲಿ ಕಮ್ಮಿ. ಊಟಕ್ಕೆ ಕೂತರೂ ಒಂದು ಮಂಡಿ ಮೇಲಕ್ಕೆತ್ತಿಕೊಂಡೇ ಕೂರೋನು, ಯಾರಾದರೂ ಕರೆದರೆ ಎದ್ದು ಓಡೋಕೆ ಸುಲಭ ಆಗಲಿ ಅನ್ನೋ ಹಾಗೆ. ಮದುವೆ ಮನೇಲಿ ಪಂಕ್ತಿಗೆ ಕರೆದರೆ ಸಾರಿನ ಬಕೀಟು ಎತ್ತಿಕೊಂಡು ಬಡಿಸೋಕೆ ನಿಂತುಬಿಡೋನು. ಅವನ ಹೆಂಡ್ತಿ ಸುಮಿತಾ ನನ್ನ ಹೆಂಡ್ತಿ ಮಂಗಮ್ಮನ ಹತ್ತಿರ ಹೇಳಿದ್ದಳಂತೆ, ತಾಳಿ ಕಟ್ಟೋ ಫೋಟೋದಲ್ಲೂ ಈಯಪ್ಪ ಅಲುಗಾಡಿ ಮುಖ ಮಸುಕಾಗಿದೆ ಅಂತ.

ಅವನಿಗೆ ಸಿಕ್ಕಿದ ಕೆಲಸವೂ ಅಂಥದ್ದೇ. ರೈಲ್ವೇಲಿ ಕೀಮ್ಯಾನ್. ದಿನಾ ಬೆಳಗ್ಗೆ ಬೂದಿಕೋಟೆ ಕಡೆಯ ನಮ್ಮೂರಿನಿಂದ ಬೈಕಲ್ಲಿ ಕೋರಮಂಡಲ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಬಂಗಾರಪೇಟೆ ದಿಕ್ಕಿಗೆ ಹಳಿ ಹಿಡಿದು ನಡೆಯೋದು. ಹಳಿಯನ್ನ ಅದರಡಿ ಅಡ್ಡಕ್ಕೆ ಹಾಸಿರೋ ಸ್ಲೀಪರಿಗೆ ಕಚ್ಚಿಸಿ ಹಿಡಿದಿರೋ ಕ್ಲಿಪ್ಪುಗಳಲ್ಲಿ ಯಾವುದು ಸಡಿಲ ಆಗಿದೆ ನೋಡಿ ಸುತ್ತಿಗೇಲಿ ಬಡಿದು ಕೂರಿಸೋದು. ತನ್ನ ಪಾಲಿಗೆ ಕೊಟ್ಟಿರೋ ಬೀಟು ಮುಗಿದ ಕಡೆ ತಿರುಗಿ ಅದೇ ದಾರೀಲಿ ವಾಪಸ್ಸು. ಬಿಸಿಲಿರಲಿ ಮಳೆ ಇರಲಿ, ಹದಿನಾಲ್ಕು ವರ್ಷ ಹಂಗೇ ನಡೆದ. ಇಷ್ಟು ನಡೆದು ಬಂದೋನು ಸಾಯಂಕಾಲ ಮನೇಲಿ ಬಿದ್ದಿರ್ತಾನೆ ಅಂದುಕೊಂಡರೆ ತಪ್ಪು. ಐದೂವರೆಗೆ ವಾಲಿಬಾಲು. ಅವನಿಗಾಗ ಮೂವತ್ತೇಳು ವರ್ಷ, ನಮ್ಮ ಟೀಮಲ್ಲಿ ಅವನಷ್ಟು ಎತ್ತರ ಹಾರೋನು ಇನ್ನೊಬ್ಬನಿಲ್ಲ.

ನಾನು ಸೊಣ್ಣಪ್ಪ, ಅವನ ಪಕ್ಕದ ಮನೆಯೋನು. ವರಸೇಲಿ ಅಣ್ಣ ಆಗಬೇಕು. ಟ್ರ್ಯಾಕ್ಟರ್ ಓಡಿಸ್ತೀನಿ. ಓದಿದ್ದು ಐದನೇ ಕ್ಲಾಸು. ಬರೆಯೋ ಕೆಲಸ ನನ್ನದಲ್ಲ, ಆದರೆ ಮುನಿರಾಜನ ಕಾಲನ್ನ ನಾನೇ ಮುರಿದೆ ಅಂತ ಇವತ್ತಿಗೂ ಊರಲ್ಲಿ ಮೂರು ನಾಲ್ಕು ಜನ ಹೇಳ್ಕೊಂಡು ತಿರುಗ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಬರೆದಿಟ್ಟರೆ ಓದಿಕೊಳ್ಳಲಿ.

ಅವರು ಹಂಗೆ ಹೇಳೋಕೆ ಒಂದು ಕಾರಣ ಇದೆ. ನಾನು ಹುಟ್ಟುವಾಗ ತಲೆ ಬದಲು ಕಾಲು ಮುಂದಾಗಿ ಬಂದೋನಂತೆ. ನಮ್ಮ ಕಡೆ ಯಾರಿಗಾದರೂ ಸೊಂಟ ಹಿಡಿದುಕೊಂಡರೆ, ಹಂಗೆ ಎದುರುಕಾಲಲ್ಲಿ ಹುಟ್ಟಿದೋರನ್ನ ಹುಡುಕಿಕೊಂಡು ಬಂದು ಒದೆಸಿಕೊಳ್ತಾರೆ. ನನ್ನ ಮನೆ ಮುಂದೆ ಹಳೇ ಕಾಲದ ಮರದ ರೈಲು ಸ್ಲೀಪರ್ ಒಂದು ಬಿದ್ದಿದೆ. ಅದಕ್ಕೆ ಕೈ ಊರಿ ಬಗ್ಗಿ ನಿಲ್ತಾರೆ, ನಾನು ಬಲಗಾಲಲ್ಲಿ ಸೊಂಟಕ್ಕೆ ಮೂರು ಸಲ ಮೆಲ್ಲಗೆ ಒದೀತೀನಿ. ಚಿಕ್ಕಂದಿನಿಂದ ಒದೀತಾನೇ ಇದೀನಿ. ಮೇಷ್ಟ್ರುಗಳನ್ನ ಒದ್ದಿದೀನಿ, ಪಂಚಾಯ್ತಿ ಮೆಂಬರನ್ನ ಒದ್ದಿದೀನಿ, ನಮ್ಮತ್ತೆಯನ್ನೂ ಒದ್ದಿದೀನಿ. ವಾಸಿ ಆಯ್ತು ಅಂತ ಹೋಗ್ತಾರೆ. ಅದು ಒದೆಯಿಂದ ಆಯ್ತಾ ತಾನಾಗೇ ಆಯ್ತಾ ನನಗೆ ಗೊತ್ತಿಲ್ಲ. ಕೇಳಿದೋರಿಗೆ ಒದ್ದಿದೀನಿ ಅಷ್ಟೆ.

ಹೋದ ವರ್ಷ ಸಂಕ್ರಾಂತಿ ಆದ ಭಾನುವಾರ ಕೋರಮಂಡಲ್ ಗಣಿ ಲೈನುಮನೆಗಳ ಹುಡುಗರ ಮೇಲೆ ಮ್ಯಾಚಿತ್ತು, ಅವರ ಗ್ರೌಂಡಲ್ಲೇ. ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಬುಡದಲ್ಲಿ ಅವರ ಗ್ರೌಂಡು, ಗಾಳಿ ಎದ್ದರೆ ಬಾಯೆಲ್ಲ ಬೂದು ಮಣ್ಣು. ಅವರ ಕ್ಯಾಪ್ಟನ್ ಸಾಯಿಕುಮಾರ್, ಗಣಿ ಮುಚ್ಚಿದ ಮೇಲೆ ಪೇಂಟಿಂಗ್ ಕೆಲಸ ಮಾಡ್ಕೊಂಡಿರೋ ತಮಿಳಿನೋನು. ಮೂರನೇ ಸೆಟ್ಟು, ಇಪ್ಪತ್ತೆರಡು ಇಪ್ಪತ್ತೆರಡು. ಮುನಿರಾಜ ಮುಂದೆ, ನಾನು ಸರಿಯಾಗಿ ಅವನ ಹಿಂದೆ. ಅವನು ಎರಡು ಬಾಲನ್ನ ಸುಮ್ಮಸುಮ್ಮನೆ ನೆಟ್ಟಿಗೆ ಹೊಡೆದ. ನನಗೆ ತಲೆ ಕೆಟ್ಟುಹೋಯ್ತು. ಇನ್ನೊಂದು ಸಲ ನೆಟ್ಟಿಗೆ ಹೊಡೆದರೆ ಒದೀತೀನಿ ಕಣ್ಲಾ ಅಂತ ಕೂಗಿದೆ. ಗ್ರೌಂಡಿಗೆಲ್ಲ ಕೇಳಿಸೋ ಹಂಗೆ ಕೂಗಿದೆ.

ಅದರ ಮುಂದಿನ ಬಾಲಿಗೇ ಅದು ಆಗಿದ್ದು. ಅವನು ಎರಡು ಹೆಜ್ಜೆ ಹಿಂದಕ್ಕೆ ನನ್ನ ಹತ್ತಿರ ಬಂದು, ಹಾರೋಕೆ ಎಡಗಾಲು ಒತ್ತಿದ. ಟಪ್ಪಂತ ಒಂದು ಶಬ್ದ. ಒಣಗಿದ ಸೌದೆ ಮುರಿದ ಹಂಗೆ. ಮುನಿರಾಜ ಮೇಲಕ್ಕೆ ಹೋಗಲೇ ಇಲ್ಲ, ಅಲ್ಲೇ ಮಂಡಿ ಊರಿ ಬಿದ್ದ. ಬಿದ್ದೋನು ಬಾಲು ನೋಡಲಿಲ್ಲ, ಕಾಲು ನೋಡಲಿಲ್ಲ, ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದ.

"ಯಾಕಣ್ಣಾ ಒದ್ದೆ?"

ಕೂಗಿದ್ದರೆ, ಬೈದಿದ್ದರೆ ನಾನೂ ಎರಡು ಬೈದು ಸುಮ್ಮನಾಗ್ತಿದ್ದೆ. ಅವನು ಮೆಲ್ಲಗೆ ಕೇಳಿದ. ಮಗು ಕೇಳಿದ ಹಂಗೆ ಕೇಳಿದ. ನನ್ನ ಕಾಲು ಅವನಿಗೆ ತಾಗಿಲ್ಲ, ಗಾಳಿಯೂ ತಾಗಿಲ್ಲ. ನಮ್ಮ ಟೀಮಿನೋರೆಲ್ಲ ನನ್ನನ್ನೇ ನೋಡೋಕೆ ಶುರು ಮಾಡಿದರು. ನೆಟ್ಟಿನ ಆ ಕಡೆ ನಿಂತಿದ್ದ ಸಾಯಿಕುಮಾರ್ ಒಬ್ಬನಿಗೆ ಎಲ್ಲಾ ಸರಿಯಾಗಿ ಕಾಣಿಸಿತ್ತು. ಯಾರುಮೇ ಉದೈಕ್ಕಲ, ಯಾರುಮೇ ಉದೈಕ್ಕಲ ಅಂತ ಅವನು ಬಡ್ಕೊಂಡ, ಯಾರೂ ಒದ್ದಿಲ್ಲ ಅಂತ. ಎದುರು ಪಾರ್ಟಿಯೋನು, ಪಾಯಿಂಟಿಗೋಸ್ಕರ ಹೇಳ್ತಾನೆ ಅಂತ ನಮ್ಮೋರು ಅವನನ್ನ ಗದರಿಸಿ ಕೂರಿಸಿದರು.

ಆಮೇಲೆ ನಾನು ಮಾಡಿದ್ದು ತಪ್ಪು. ಬಾಲನ್ನ ಎತ್ತಿ ದಿಬ್ಬದ ಮೇಲಕ್ಕೆ ಎಸೆದೆ. ಟ್ರ್ಯಾಕ್ಟರ್ ಹತ್ತಿ ಒಬ್ಬನೇ ಊರಿಗೆ ಬಂದುಬಿಟ್ಟೆ. ಮುನಿರಾಜನನ್ನ ಬೈಕಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬಂದರಂತೆ. ನಾನು ಬಾಗಿಲು ತೆಗೆದು ನೋಡಲಿಲ್ಲ.

ಎರಡು ದಿನ ಹರಳೆಣ್ಣೆ, ಅರಿಶಿನ, ಹುಣಸೆ ಸೊಪ್ಪಿನ ಶಾಖ. ಹಿಮ್ಮಡಿ ಮೇಲೆ ಬದನೇಕಾಯಿ ಥರ ಊದಿ ಕಪ್ಪಾಗಿತ್ತಂತೆ. ಮಂಗಮ್ಮ ಹೋಗಿ ನೋಡಿಕೊಂಡು ಬಂದು, ನೀನು ಒದ್ದಿಲ್ಲ ಅಂದರೆ ಯಾಕೆ ಹೋಗಿ ಮಾತಾಡಿಸಲ್ಲ ಅಂದಳು. ಒದ್ದಿಲ್ಲ, ಅದಕ್ಕೇ ಹೋಗಲ್ಲ ಅಂದೆ. ಅವಳಿಗೆ ಅರ್ಥ ಆಗಲಿಲ್ಲ. ನನಗೂ ಆಗಿರಲಿಲ್ಲ ಅನ್ನಿ.

ಮೂರನೇ ದಿನ ಹೊತ್ತು ಹುಟ್ಟೋಕೆ ಮುಂಚೆ ಮುನಿರಾಜನ ತಾಯಿ ಕದಿರಮ್ಮ ನನ್ನ ಬಾಗಿಲು ಬಡಿದಳು. ಎಪ್ಪತ್ತು ವರ್ಷದ ಮುದುಕಿ, ಸೊಸೆ ಜೊತೆ ಸೇರಿ ಮಗನನ್ನ ಎರಡೂ ಕಂಕುಳಿಗೆ ಕೈ ಕೊಟ್ಟು ನಡೆಸಿಕೊಂಡು ಬಂದಿದ್ದಳು. ಅವನನ್ನ ಸ್ಲೀಪರ್ ಮೇಲೆ ಬೋರಲು ಮಲಗಿಸಿದಳು.

"ಒದ್ದು ಕೆಡಿಸ್ದೋನು ನೀನೇ. ಒದ್ದು ಸರಿ ಮಾಡು ಸೊಣ್ಣಪ್ಪ. ಮೂರು ದಿನ ಒದಿ, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ."

ನಾನು ಒದ್ದಿಲ್ಲಮ್ಮ ಅಂತ ಹೇಳಿದರೆ ಕೇಳೋಳಲ್ಲ. ಇದು ಸೊಂಟ ಅಲ್ಲ, ಕಾಲು, ಒದೀಬಾರದು ಅಂತ ನನ್ನ ಮನಸ್ಸಿಗೆ ಬಂತು. ಆದರೆ ಒದ್ದರೆ ಈ ಮುದುಕಿ ಬಾಯಿ ಮುಚ್ಚುತ್ತೆ, ಊರಿನ ಬಾಯಿ ಮುಚ್ಚುತ್ತೆ ಅಂತಲೂ ಬಂತು. ಒದ್ದೆ. ಬಲಗಾಲಿನ ಬೆರಳಲ್ಲಿ ಆ ಊದಿದ ಜಾಗಕ್ಕೆ ಮೂರು ಸಲ. ಮೆಲ್ಲಗೇ ಒದ್ದೆ. ಮುನಿರಾಜ ಸ್ಲೀಪರಿನ ಅಂಚನ್ನ ಕಚ್ಚಿ ಹಿಡಿದಿದ್ದ. ಮರದ ಮೇಲೆ ಹಲ್ಲಿನ ಗುರುತು ಈಗಲೂ ಇದೆ. ಮಾರನೇ ದಿನ ಮತ್ತೆ ಬಂದರು, ಮತ್ತೆ ಒದ್ದೆ. ಅವತ್ತು ಅವನಿಗೆ ಕಣ್ಣು ಮೇಲಾಯ್ತು. ಸುಮಿತಾ ಅಲ್ಲಿವರೆಗೂ ಅತ್ತೆಗೆ ಎದುರು ಮಾತಾಡಿದೋಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನು ಸಾಕು ಅಣ್ಣಾ, ಗಾಡಿ ತೆಗೀರಿ, ಬಂಗಾರಪೇಟೆಗೆ ಹೋಗೋಣ ಅಂದಳು. ಟ್ರೈಲರಲ್ಲಿ ಹಾಸಿಗೆ ಹಾಸಿ ಅವನನ್ನ ಮಲಗಿಸಿಕೊಂಡು ಹೋದೆ.

ಬಂಗಾರಪೇಟೆ ಡಾಕ್ಟರು ಅವನನ್ನ ಬೋರಲು ಮಲಗಿಸಿ ಬಲಗಾಲಿನ ಮೀನಖಂಡ ಹಿಂಡಿದರು. ಪಾದ ಅಲ್ಲಾಡಿತು. ಎಡಗಾಲಿನ ಮೀನಖಂಡ ಹಿಂಡಿದರು. ಪಾದ ಸತ್ತ ಕೋಳಿ ಕತ್ತಿನ ಥರ ಜೋತು ಬಿದ್ದಿತ್ತು, ಅಲ್ಲಾಡಲಿಲ್ಲ. ಹಿಮ್ಮಡಿಯನ್ನ ಎಳೆದು ಹಿಡಿಯೋ ಹಗ್ಗದಂಥ ನರ ಒಂದಿರುತ್ತೆ, ಅದು ಪೂರ್ತಿ ಹರಿದಿದೆ, ಆಪರೇಷನ್ ಆಗಬೇಕು ಅಂದರು. ಮುನಿರಾಜ, ಹಿಂದಿನಿಂದ ಒದೆ ಬಿತ್ತು ಸಾರ್ ಅಂದ. ನನ್ನ ಕಡೆ ನೋಡದೇ ಅಂದ. ಡಾಕ್ಟರು ನಕ್ಕರು.

"ಯಾರೂ ಒದ್ದಿಲ್ಲಪ್ಪ. ಇದು ಹರಿದಾಗ ಒದ್ದ ಹಂಗೇ ಇರುತ್ತೆ. ನನ್ನ ಹತ್ತಿರ ಬಂದೋರೆಲ್ಲ ಇದನ್ನೇ ಹೇಳ್ತಾರೆ."

ನನಗೆ ಎದ್ದು ಊರಿಗೆಲ್ಲ ಕೇಳೋ ಹಂಗೆ ಕೂಗಬೇಕು ಅನ್ನಿಸಿತು. ಅಷ್ಟರಲ್ಲಿ ಡಾಕ್ಟರು ಊದಿದ ಜಾಗಾನ ಬಗ್ಗಿ ನೋಡಿ, ಇದು ಹರಿದ ಮೇಲೆ ಯಾರೋ ಇದನ್ನ ಗುದ್ದಿದ್ದಾರಲ್ಲ, ಚರ್ಮ ಕೆಟ್ಟಿದೆ, ಯಾರು ಮಾಡಿದ್ದು, ನಾಲ್ಕು ದಿನ ಏನು ಮಾಡ್ತಿದ್ರಿ ಅಂತ ಗದರಿಸಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸುಮಿತಾ ನೆಲ ನೋಡಿದಳು. ಮುನಿರಾಜ ಹೇಳಿದ, ಬಚ್ಚಲಲ್ಲಿ ಜಾರಿ ಬಿದ್ದೆ ಸಾರ್, ಕಲ್ಲಿಗೆ ತಗಲ್ತು ಅಂತ.

ಒದೆಯದೇ ಇದ್ದಾಗ ಒದ್ದೆ ಅಂದೋನು, ಒದ್ದಾಗ ನನ್ನ ಹೆಸರು ಹೇಳಲಿಲ್ಲ. ವಾಪಸ್ಸು ಬರುವಾಗ ಗುಂಡಿ ಸಿಕ್ಕಿದ ಕಡೆಯೆಲ್ಲ ಟ್ರ್ಯಾಕ್ಟರನ್ನ ನಡಿಗೆ ವೇಗಕ್ಕೆ ಇಳಿಸಿ ಓಡಿಸಿದೆ.

ಬೆಂಗಳೂರಿನ ರೈಲ್ವೆ ಆಸ್ಪತ್ರೇಲಿ ಆಪರೇಷನ್ ಆಯ್ತು. ಮೊಣಕಾಲವರೆಗೂ ಪ್ಲಾಸ್ಟರು, ಪಾದ ತುದಿಬೆರಳ ಮೇಲೆ ನಿಂತೋರ ಥರ ಕೆಳಕ್ಕೆ ಚಾಚಿಸಿ ಕಟ್ಟಿದ್ದರು. ಆರು ವಾರ ನೆಲಕ್ಕೆ ಊರಬಾರದು. ಆಮೇಲೆ ಹಿಮ್ಮಡಿ ಎತ್ತರದ ಬೂಟು. ಅದಾದ ಮೇಲೆ ವ್ಯಾಯಾಮ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಅಲ್ಲಿನ ಡಾಕ್ಟರು ಒಂದು ಮಾತು ಹೇಳಿದ್ದರು: ಆಗಸ್ಟ್ ತಿಂಗಳಲ್ಲಿ ನೋಡ್ತೀನಿ, ಎಡಗಾಲಿನ ಬೆರಳ ಮೇಲೆ ಒಂಟಿಕಾಲಲ್ಲಿ ಹತ್ತು ಸಲ ಎದ್ದು ಇಳಿಯಬೇಕು. ಹತ್ತು ಆದರೆ ಬೀಟಿಗೆ ಕಳಿಸ್ತೀನಿ. ಆಗದೇ ಇದ್ದರೆ ಬಂಗಾರಪೇಟೆಯಲ್ಲಿ ಸ್ಟೋರಿನ ಕೆಲಸ, ಕುರ್ಚಿ ಮೇಲೆ ಕೂತು ಸಾಮಾನು ಕೊಡೋದು, ತಗೊಳ್ಳೋದು.

ಕದಿರಮ್ಮ ಸ್ಟೋರು ಅಂತ ಕೇಳಿ ಕೈ ಮುಗಿದಳು. ನೆರಳು, ಫ್ಯಾನು, ಕುರ್ಚಿ, ನನ್ನ ಮಗನಿಗೆ ದೇವರು ಕಣ್ಣು ಬಿಟ್ಟ ಅಂದಳು. ಮುನಿರಾಜನ ಮುಖ ಆ ಮಾತಿಗೆ ಬೆಳ್ಳಗಾಯ್ತು. ಅವತ್ತಿಂದ ಅವನ ತಲೇಲಿ ಇದ್ದದ್ದು ಎರಡೇ, ಹತ್ತು ಅನ್ನೋ ಲೆಕ್ಕ ಮತ್ತು ಆ ಕುರ್ಚಿ.

ಓಡಾಡೋನನ್ನ ಮಂಚಕ್ಕೆ ಹಾಕಿದರೆ ಮನೆಯೋರ ಗತಿ ಏನು ಅನ್ನೋದನ್ನ ಸುಮಿತಾನ ಕೇಳಬೇಕು. ಬೆಳಗ್ಗೆ ಆರಕ್ಕೇ ಮೊಬೈಲ್ ನೋಡಿ, ಈಗ ಮಾರಿಕುಪ್ಪಂ ಗಾಡಿ ಕೋರಮಂಡಲ್ ಬಿಡ್ತು ಅನ್ನೋನು. ಊರುಗೋಲಲ್ಲಿ ಮಂಚದ ಕಾಲನ್ನ ಬಡಿಯೋನು, ಕ್ಲಿಪ್ಪು ಬಡಿದ ಹಂಗೆ, ಟಣ್, ಟಣ್, ದಿನವೆಲ್ಲ. ಸುಮಿತಾ ಊರುಗೋಲನ್ನ ಕಿತ್ತು ಅಟ್ಟದ ಮೇಲೆ ಹಾಕಿದಳು. ಅವನು ಒಂಟಿಕಾಲಲ್ಲಿ ಕುಂಟಿಕೊಂಡು ಹೋಗಿ ಅಟ್ಟಕ್ಕೆ ಕೈ ಹಾಕಿದ. ಅವನ ಬದಲಿಗೆ ಬೀಟು ನಡೀತಿದ್ದೋನು ವೆಂಕಿ, ಹೊಸದಾಗಿ ಕೆಲಸಕ್ಕೆ ಸೇರಿದ ಗ್ಯಾಂಗ್‌ಮನ್. ಅವನಿಗೆ ದಿನಾ ನಾಲ್ಕು ಸಲ ಫೋನು. ತಿರುವಿನ ಹತ್ತಿರ ಎಡಗಡೆ ಕ್ಲಿಪ್ಪು ನೋಡಿದೇನ್ಲಾ, ಮೋರಿ ಸೇತುವೆ ಮೇಲೆ ಬಡಿದೇನ್ಲಾ. ಹತ್ತು ದಿನ ಉತ್ತರ ಕೊಟ್ಟ ವೆಂಕಿ ಆಮೇಲೆ ಫೋನು ಎತ್ತೋದೇ ಬಿಟ್ಟ.

ಒಂದಿನ ಇವನ ಕಾಟ ತಡೀಲಾರದೆ ನಾನು ಟ್ರ್ಯಾಕ್ಟರಲ್ಲಿ ಹತ್ತಿಸಿಕೊಂಡು ಹೋಗಿ ಲೈನಿನ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ವೆಂಕಿ ದೂರದಲ್ಲಿ ಬರ್ತಿದ್ದ. ಮುನಿರಾಜ ಕಣ್ಣು ಮುಚ್ಚಿ ಸುತ್ತಿಗೆ ಶಬ್ದ ಕೇಳಿಸಿಕೊಂಡ. ಬಿಗಿಯಾಗಿರೋ ಕ್ಲಿಪ್ಪು ಗಂಟೆ ಥರ ಕೂಗುತ್ತೆ, ಸಡಿಲ ಆಗಿರೋದು ಮಡಕೆ ಥರ ಅಂತ ನನಗೆ ಹೇಳಿದ. ನನ್ನ ಕಿವಿಗೆ ಎರಡೂ ಒಂದೇ. ವೆಂಕಿ ಹತ್ತಿರ ಬಂದಾಗ ಮುನಿರಾಜ ಬೈತಾನೆ ಅಂತ ಕಾದೆ. ಅವನು ಬೈಲಿಲ್ಲ.

"ಚೆನ್ನಾಗಿ ಮಾಡ್ತಾವ್ನೆ ಅಣ್ಣಾ," ಅಂದ. ಆಮೇಲೆ, "ನಾನು ಇಲ್ದಿದ್ರೂ ಆಗುತ್ತೆ."

ಮಾರನೇ ದಿನ ಯಾರಿಗೂ ಹೇಳದೆ ಪ್ಲಾಸ್ಟರ್ ಕಾಲನ್ನ ನೆಲಕ್ಕೆ ಊರಿ ನಡೆಯೋಕೆ ನೋಡಿ, ಪ್ಲಾಸ್ಟರು ಬಿರುಕು ಬಿಟ್ಟು, ಮತ್ತೆ ಬೆಂಗಳೂರಿಗೆ ಹೋಗಿ ಬೈಸಿಕೊಂಡು ಹೊಸದಾಗಿ ಹಾಕಿಸಿಕೊಂಡು ಬಂದ. ನಾನೂ ಬೈದೆ. ಡಾಕ್ಟರಿಗಿಂತ ಜಾಸ್ತಿ ಬೈದೆ.

ಯುಗಾದಿ ಕಳೆದು ಪ್ಲಾಸ್ಟರು ಬಿಚ್ಚಿದಾಗ ಎಡಗಾಲು ಬೇರೆ ಯಾರದ್ದೋ ಕಾಲಿನ ಥರ ಕಾಣ್ತಿತ್ತು. ಮೀನಖಂಡವೇ ಇಲ್ಲ, ಬರೀ ಕೋಲು. ಬೂಟೂ ಬಿಟ್ಟ ಮೇಲೆ ವ್ಯಾಯಾಮ ಹೇಳಿಕೊಟ್ಟರು. ಮೆಟ್ಟಿಲ ಅಂಚಲ್ಲಿ ಬೆರಳು ಊರಿ, ಹಿಮ್ಮಡಿ ಆಚೆ ಬಿಟ್ಟು, ಮೇಲೇಳೋದು ಇಳಿಯೋದು. ನಮ್ಮ ಮನೆಗಳಲ್ಲಿ ಮೆಟ್ಟಿಲು ಎಲ್ಲಿ ಬಂತು. ಇರೋದು ಹೊಸ್ತಿಲು ಒಂದೇ. ಅವನು ಹೊಸ್ತಿಲ ಮೇಲೆ ಕಾಲಿಟ್ಟಿದ್ದೇ ಕದಿರಮ್ಮ ಪೊರಕೆ ತಗೊಂಡು ಬಂದಳು. ಲಕ್ಷ್ಮಿ ಕೂರೋ ಜಾಗದಲ್ಲಿ ನಿಂತು ಕುಣೀತೀಯಾ ಅಂತ. ಆಗ ನಾನು ನಮ್ಮ ಮನೆ ಮುಂದಿನ ಸ್ಲೀಪರ್ ಅಲ್ಲಾಡದ ಹಂಗೆ ಎರಡೂ ತುದಿಗೆ ಕಲ್ಲು ಕೊಟ್ಟು ಕೂರಿಸಿದೆ. ದಿನಾ ಎರಡು ಹೊತ್ತು ಅಲ್ಲಿ ನಿಲ್ಲೋನು, ಒಂದು ಕೈಬೆರಳು ನಮ್ಮ ಗೋಡೆಗೆ ತಾಗಿಸಿಕೊಂಡು.

ಮೇ ತಿಂಗಳು ಪೂರ್ತಿ ಎರಡು ಕಾಲಲ್ಲಿ ಎದ್ದ. ಜೂನ್‌ನಲ್ಲಿ ಒಂಟಿಕಾಲು. ಒಂಟಿಕಾಲಲ್ಲಿ ಒಂದೂ ಏಳಲಿಲ್ಲ. ಹಿಮ್ಮಡಿ ಮರಕ್ಕೆ ಮೊಳೆ ಹೊಡೆದ ಹಂಗೆ. ಬೆವರು ಸುರಿಯೋದು, ಬಲಗಾಲು ನಡುಗೋದು, ಎಡಗಾಲು ಕೇಳಿಸಿಕೊಳ್ಳೋದೇ ಇಲ್ಲ. ನಾನು ನೋಡಿ ನೋಡಿ ಸಿಟ್ಟಾಗಿ ಎದ್ದು ಒಳಗೆ ಹೋಗ್ತಿದ್ದೆ. ಸೊಂಟ ಹಿಡ್ಕೊಂಡು ಒದೆಸಿಕೊಳ್ಳೋಕೆ ಬಂದೋರನ್ನೆಲ್ಲ ವಾಪಸ್ಸು ಕಳಿಸಿದೆ. ಸ್ಲೀಪರ್ ಖಾಲಿ ಇಲ್ಲ, ನಂಗೂ ಒದಿಯೋಕೆ ಇಷ್ಟ ಇಲ್ಲ, ಡಾಕ್ಟರ ಹತ್ತಿರ ಹೋಗಿ ಅಂದೆ. ಅಲ್ಲಿಂದ ಇಲ್ಲಿವರೆಗೂ ನಾನು ಯಾರನ್ನೂ ಒದ್ದಿಲ್ಲ.

ರಾಗಿ ಬಿತ್ತನೆಗೆ ಟ್ರ್ಯಾಕ್ಟರ್ ಎಲ್ಲರಿಗೂ ಬೇಕಾದ ಸಮಯ. ಒಂದಿನ ಹೊಲದಿಂದ ಬಂದು ಇಂಜಿನ್ ಆಫ್ ಮಾಡ್ತಿದ್ದೆ, ಸ್ಲೀಪರ್ ಮೇಲಿಂದ ಮುನಿರಾಜ ಅಣ್ಣಾ ಅಂತ ಕರೆದ. ನೋಡಿದೆ. ಎಡ ಹಿಮ್ಮಡಿ ಮರದಿಂದ ಎರಡು ಬೆರಳಷ್ಟು ಮೇಲೆದ್ದಿತ್ತು. ಅಷ್ಟೇ, ಇಳಿಯಿತು. ಇನ್ನೊಂದು ಸಲ ಮಾಡು ಅಂದೆ. ಆಗಲಿಲ್ಲ. ಸುಮಿತಾಗೆ ಹೇಳಿದರೆ ನಂಬಲಿಲ್ಲ. ಮಾರನೇ ದಿನ ಎರಡು ಸಲ ಎದ್ದ, ಅವಳೂ ನೋಡಿದಳು. ಜುಲೈ ಕಳೆಯುವಾಗ ನಾಲ್ಕು. ಆಗಸ್ಟ್ ಹತ್ತನೇ ತಾರೀಖಿಗೆ ಏಳು ಸಲ. ಅಲ್ಲಿಗೆ ನಿಂತುಹೋಯ್ತು. ಎಂಟನೇದಕ್ಕೆ ಕಾಲು ಗಡಗಡ ನಡುಗಿ ಕುಸಿಯೋದು. ಡಾಕ್ಟರ ಹತ್ತಿರ ಹೋಗೋ ದಿನದವರೆಗೂ ಏಳೇ.

ಅವತ್ತು ಬಂಗಾರಪೇಟೆಯಿಂದ ರೈಲಲ್ಲಿ ಹೋದೆವು. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಬಂದ. ಕೂರ್ಲಾ, ಕಾಲು ದಣಿಯುತ್ತೆ ಅಂದರೆ, ಇನ್ಮೇಲೆ ಕೂರೋದೇ ಇರಬೌದಲ್ಲಣ್ಣಾ ಅಂದ. ಆಸ್ಪತ್ರೇಲಿ ಅವನನ್ನ ಒಳಗೆ ಕರೆದು ಬಾಗಿಲು ಹಾಕಿದರು. ನಾನು ಹೊರಗೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ನರ್ಸಮ್ಮ ಕೂತುಕೊಳ್ಳಿ ಅಂತ ಎರಡು ಸಲ ಹೇಳಿದಳು. ಒಳಗಿಂದ ಏನೂ ಕೇಳಿಸಲಿಲ್ಲ. ನಾನೇ ಹೊರಗೆ ನಿಂತು ಎಡಗಾಲ ಬೆರಳ ಮೇಲೆ ಎದ್ದು ನೋಡಿದೆ. ಐದಕ್ಕೆ ಸುಸ್ತಾದೆ.

ಮುನಿರಾಜ ಹೊರಗೆ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಕೈಲಿ ಕಾಗದ.

"ಹತ್ತನೇದಕ್ಕೆ ಗೋಡೆ ಜೋರಾಗಿ ಹಿಡ್ಕೊಂಡ್ಬಿಟ್ಟೆ ಅಣ್ಣಾ. ಅವರು ನೋಡ್ಲಿಲ್ಲ ಅನ್ಸುತ್ತೆ."

"ನೋಡಿರ್ತಾರೆ ಕಣ್ಲಾ," ಅಂದೆ.

ಬೀಟಿಗೆ ಬರೆದುಕೊಟ್ಟಿದ್ದರು. ಅವನ ಅಮ್ಮ ಎರಡು ದಿನ ನಮ್ಮ ಯಾರ ಜೊತೆಗೂ ಮಾತಾಡಲಿಲ್ಲ. ಕುರ್ಚಿ ಹೋಯ್ತಲ್ಲ ಅಂತ.

ಕೆಲಸಕ್ಕೆ ಹೋದ ಮೊದಲ ಬೆಳಗ್ಗೆ ನನಗೆ ಕೋರಮಂಡಲ್ ಕಡೆ ಏನೂ ಕೆಲಸ ಇರಲಿಲ್ಲ. ಆದರೂ ಹೋದೆ. ಲೈನಿನ ಪಕ್ಕದ ಕಾಲುದಾರೀಲಿ ಬೇವಿನ ಮರದ ಹತ್ತಿರ ನಿಂತೆ. ಸುತ್ತಿಗೆ ಶಬ್ದ ಮೊದಲು ಬಂತು, ಆಮೇಲೆ ಅವನು ಬಂದ. ಬಲಗಾಲು ಉದ್ದ ಹೆಜ್ಜೆ, ಎಡಗಾಲು ಗಿಡ್ಡ ಹೆಜ್ಜೆ, ಆದರೂ ನಡಿಗೆ ನಿಂತಿರಲಿಲ್ಲ. ನನ್ನನ್ನ ನೋಡಿ ನಗಲಿಲ್ಲ, ನಿಲ್ಲಲೂ ಇಲ್ಲ, ದಾಟಿ ಹೋದ. ಸ್ವಲ್ಪ ದೂರ ಜೊತೆಗೆ ಹೋಗೋಣ ಅಂತ ಕಾಲುದಾರೀಲಿ ಅವನ ಹಿಂದೆ ಹೆಜ್ಜೆ ಹಾಕಿದೆ. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಅವನು ಥಟ್ಟನೆ ನಿಂತ. ಎಡ ಹಿಮ್ಮಡಿ ನೆಲದಿಂದ ಎತ್ತಿಕೊಂಡು ನಿಂತಿದ್ದ.

"ಹಿಂದೆ ಬರ್ಬೇಡ ಅಣ್ಣಾ. ನೀನು ಒದ್ದಿಲ್ಲ ಅಂತ ನಂಗೆ ಗೊತ್ತು. ಕಾಲಿಗೆ ಇನ್ನೂ ಗೊತ್ತಾಗಿಲ್ಲ."

ನನಗೆ ಕೋಪ ಬರಬೇಕಾಗಿತ್ತು. ಏಳು ತಿಂಗಳು ಅದೇ ಮಾತಿಗೆ ಕೋಪ ಮಾಡಿಕೊಂಡಿದ್ದೋನು ನಾನು. ಪಕ್ಕದಿಂದ ಅವನನ್ನ ದಾಟಿ ಮುಂದಕ್ಕೆ ಬಂದು, ಅವನಿಗೆ ಬೆನ್ನು ಹಾಕಿ ನಡೆದೆ. ಹಿಂದೆ ಸುತ್ತಿಗೆ ಮತ್ತೆ ಶುರುವಾಯ್ತು. ಜಲ್ಲಿ ಮೇಲೆ ಹೆಜ್ಜೆ, ಟಣ್, ಮತ್ತೆ ಹೆಜ್ಜೆ. ಶಬ್ದ ಹತ್ತಿರ ಹತ್ತಿರ ಬಂತು.

"ಬೇಗ ನಡಿಯಣ್ಣಾ," ಅಂದ ಹಿಂದಿನಿಂದ. "ಟ್ರ್ಯಾಕ್ಟರ್ ಓಡಿಸಿ ಓಡಿಸಿ ಕಾಲೇ ಹೋಗ್ಬಿಟ್ಟದೆ ನಿಂಗೆ. ಮುಂದ್ಲ ಗಾಡಿ ಬರೋದ್ರೊಳಗೆ ನಾನು ಮೋರಿ ದಾಟ್ಬೇಕು."